ಒಂದು ಮೊಳ, ಒಂದು ಗೇಣು, ನಾಲ್ಕು ಬೆರಳು

ಆ ದಿನ ಬೆಳಗ್ಗೆ ಗಾಳಿಯೇ ಇರಲಿಲ್ಲ. ವೈಶಾಖ ಮುಗಿಯುತ್ತಾ ಬಂದಿತ್ತು. ಎಲ್ಲೋ ಗುಡ್ಡಕ್ಕೆ ಹಚ್ಚಿದ ಬೆಂಕಿಯ ಹೊಗೆ ಕಣಿವೆಗೆ ಇಳಿದು, ಹಿನ್ನೀರಿನ ಮೇಲೆ ಮುದಿ ದನದಂತೆ ಮಲಗಿತ್ತು. ಸೂರ್ಯ ಹುಟ್ಟಿದ್ದು ಕಾಣಲಿಲ್ಲ, ಹುಟ್ಟಿರಬೇಕು ಎಂದು ತಿಳಿಯಿತು ಅಷ್ಟೆ. ಪಡುವಣದಲ್ಲಿ ಗುಡುಗೊಂದು ಕೆಮ್ಮಿದಂತೆ ಮಾಡಿ ಸುಮ್ಮನಾಯಿತು. ಗುತ್ಯಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಒಣಗಿ ಬಿರಿದ ಕೆಸರಿನ ಮೇಲೆ ಹೆಜ್ಜೆ ಹುಡುಕುತ್ತಾ ಇಳಿಯುತ್ತಿದ್ದ. ಎಡಗಂಕುಳಲ್ಲಿ ಒಂದು ಹಳೆಯ ಬುಟ್ಟಿ. ಅದರ ಮೈಗೆ ಬಳಿದಿದ್ದ ಕೆಮ್ಮಣ್ಣು ಅಲ್ಲಲ್ಲಿ ಉದುರಿ, ಅಕ್ಕಿಹಿಟ್ಟಿನಲ್ಲಿ ಎಳೆದ ಬಿಳಿ ಚಿತ್ತಾರ ಮಾಸಿಹೋಗಿತ್ತು. ನೀರು ಇಳಿದಿತ್ತು. ಬೇಸಿಗೆಯ ಈ ಇಪ್ಪತ್ತು ದಿನ ಮಾತ್ರ ಶರಾವತಿ ತಾಯಿ ಸೆರಗು ಸ್ವಲ್ಪ ಸರಿಸುತ್ತಾಳೆ. ಆಗ ಕೆಳಗಿನ ನೇರಲಕೊಪ್ಪ ತನ್ನ ಮನೆಗಳ ಪಂಚಾಂಗದ ಕಲ್ಲುಗಳನ್ನು, ಬಾವಿಯ ಬಾಯಿಯನ್ನು, ಚೌಡಿಯ ಕಟ್ಟೆಯನ್ನು ತೋರಿಸಿ ಮತ್ತೆ ಮುಳುಗುತ್ತದೆ. ಊರವರು ಬಂದು ಚೌಡಿಗೆ ಒಂದು ಕಾಯಿ ಒಡೆದು ಹೋಗುವುದುಂಟು. ಗುತ್ಯಪ್ಪ ಕಾಯಿ ತಂದಿರಲಿಲ್ಲ. ಅವನು ಬಂದದ್ದು ಒಂದು ಕಲ್ಲನ್ನು ಅಳೆಯಲು. ಅಳೆದು, ಇವತ್ತೇ ಬಸ್ಸು ಹತ್ತಿ ತೀರ್ಥಹಳ್ಳಿಯ ಕಡೆ ಹೋಗಿ, ಮೂರು ವರ್ಷದಿಂದ ತಾನು ಮುಖ ತೋರಿಸದ ಅಕ್ಕ ಹುಲಿಯಮ್ಮನ ಎದುರು ನಿಂತು, ನಿನ್ನ ಮನೆ ಹೋದದ್ದು ನನ್ನಿಂದ, ಭಾವ ಸತ್ತದ್ದೂ ನನ್ನಿಂದ ಎಂದು ಹೇಳಬೇಕಾಗಿತ್ತು. ಹಾಲಮ್ಮ, ಅವನ ಹೆಂಡತಿ, ಬುಟ್ಟಿಯನ್ನು ಗೂಟದಿಂದ ಇಳಿಸಿ ಕೈಗೆ ಕೊಟ್ಟು ಅಂದಿದ್ದಳು: “ಹೇಳಿ ಬಂದ್ರೆ ಊಟ ಒಳಗ್ ಇಳೀತದೆ. ಹೇಳ್ದೆ ಬಂದ್ರೆ ನೀ ಹಿಂಗೇ ಒಣಗ್ ಹೋಗ್ತೀಯ. ನಂಗೆ ಇದ್ನ ನೋಡಿ ಸಾಕಾಗೈತೆ.”

ಅಕ್ಕನ ಮನೆ ಕೊಪ್ಪದ ಮೇಲಿನ ಅಂಚಿನಲ್ಲಿತ್ತು. ಈಗ ಮಣ್ಣಿನ ಗೋಡೆ ಕರಗಿ ಒಂದು ದಿಬ್ಬವಾಗಿದೆ. ಅಂಗಳದ ಮೂಲೆಯಲ್ಲಿ ಹೊರೆಗಲ್ಲು ಮಾತ್ರ ಹಾಗೆಯೇ ನಿಂತಿತ್ತು, ಗದ್ದೆಯಿಂದ ಹೊತ್ತು ತಂದ ಹುಲ್ಲಿನ ಹೊರೆಯನ್ನು ಇಳಿಸಿ ಉಸಿರು ಬಿಡಲು ಯಾವ ಕಾಲದಲ್ಲೋ ಯಾವ ಅಜ್ಜನೋ ನೆಟ್ಟ ಕಲ್ಲು. ಗುತ್ಯಪ್ಪ ಬುಟ್ಟಿಯನ್ನು ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತ. ಕಲ್ಲಿನ ಮೈಗೆಲ್ಲ ಬೂದು ಬಣ್ಣದ ಕೆಸರು ಅಂಟಿ ಒಣಗಿತ್ತು. ನೆತ್ತಿಗೆ ಅಂಟಿರಲಿಲ್ಲ. ನೆತ್ತಿಯ ಮೇಲೆ ಹಳೆಯ ಬಿಳಿ ಹಾವಸೆ ಒಣಗಿ, ಹೋದ ವರ್ಷದ ಎಲೆಯೊಂದು ಕೂತಿತ್ತು. ನೀರು ಕಲ್ಲಿನ ಅಂಚಿನವರೆಗೆ ಬಂದು, ಯಾರೋ ಸಾಕು ಎಂದಂತೆ, ಅಲ್ಲೇ ನಿಂತು ಹಿಂತಿರುಗಿತ್ತು. ಅವನು ಮೊಣಕೈಯನ್ನು ನೆಲಕ್ಕೆ ಊರಿ ಅಳೆದ. ಒಂದು ಮೊಳ. ಅದರ ಮೇಲೆ ಬೆರಳು ಅಗಲಿಸಿ ಒಂದು ಗೇಣು. ಅದರ ಮೇಲೆ ನಾಲ್ಕು ಬೆರಳು. ಮತ್ತೊಮ್ಮೆ ಅಳೆದ, ಕಡಿಮೆಯಾದೀತೇನೋ ಎಂಬಂತೆ. ಕಡಿಮೆಯಾಗಲಿಲ್ಲ. ಎರಡೂವರೆ ಅಡಿ. ಸರ್ವೆಯ ಶ್ರೀಕೃಷ್ಣರಾಯರ ಲೆಕ್ಕ ಒಂದು ಬೆರಳಿನಷ್ಟೂ ತಪ್ಪಿರಲಿಲ್ಲ. ಅಳತೆಯ ಕೋಲು ಎಲ್ಲಿ ಕೂತಿತ್ತೋ ಅಲ್ಲಿಗೆ ನೀರು ಬರುವುದಿಲ್ಲ ಎಂದು ರಾಯರು ಬರೆದಿದ್ದರು, ಬರಲಿಲ್ಲ.

ಒಂಬತ್ತನೇ ವರ್ಷ ನಡೆಯುತ್ತಿದೆ. ಆಗ ಅಣೆಕಟ್ಟೆಯ ಸರ್ವೆ ಕ್ಯಾಂಪು ಊರ ಮೇಲಿನ ಬ್ಯಾಣದ ಹುಲ್ಲುಗಾವಲಿನಲ್ಲಿ ಡೇರೆ ಹಾಕಿತ್ತು. ಗುತ್ಯಪ್ಪನಿಗೆ ಅಲ್ಲಿ ಅಳತೆಯ ಕೋಲು ಹಿಡಿಯುವ ಕೆಲಸ. ಎರಡಾಳೆತ್ತರದ ಕೋಲು, ಮೈತುಂಬ ಕೆಂಪು ಕಪ್ಪು ಅಂಕಿ, ಬುಡಕ್ಕೆ ಕಬ್ಬಿಣದ ಲಾಳ. ರಾಯರು ದೂರದಲ್ಲಿ ಮೂರು ಕಾಲಿನ ದುರ್ಬೀನಿಗೆ ಕಣ್ಣು ಕೊಟ್ಟು ಕೈ ಬೀಸಿದ ಕಡೆ ಹೋಗಿ, ಕೋಲನ್ನು ನೆಲಕ್ಕೆ ಊರಿ ಕಂಬದ ಹಾಗೆ ನಿಲ್ಲಬೇಕು. ಅವರು ಅಂಕಿ ಓದಿ ಪುಸ್ತಕದಲ್ಲಿ ಬರೆಯುತ್ತಾರೆ. ಕೋಲಿನ ಬುಡ ಎಲ್ಲಿದೆಯೋ ಅದೇ ಆ ಜಾಗದ ನೆಲ. ಇಷ್ಟೇ ವಿದ್ಯೆ. ಆ ದಿನ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಬತ್ತ ಹೊಡೆ ತುಂಬಿ ನಿಂತಾಗ ಭೂಮ್ತಾಯಿ ತುಂಬಿದ ಬಸುರಿ. ಅವತ್ತು ಅವಳಿಗೆ ಸೀಮಂತ. ಮನೆಯ ಗಂಡಸರು ನಸುಕಿನಲ್ಲೇ ಚಿತ್ತಾರದ ಬುಟ್ಟಿ ಹೊತ್ತು ಹೋಗಿ, ಗದ್ದೆಗೆ ಚರಗದ ಎಡೆ ಬೀರಿ, ಬಯಕೆಯ ಅಡುಗೆ ಬಡಿಸಿ ಬರುತ್ತಾರೆ. ಅವತ್ತು ಯಾರೂ ನೇಗಿಲು ಮುಟ್ಟುವುದಿಲ್ಲ, ಗುದ್ದಲಿ ಎತ್ತುವುದಿಲ್ಲ, ಮಕ್ಕಳು ಜೋರಾಗಿ ಕುಣಿದರೂ ಬೈಸಿಕೊಳ್ಳುತ್ತಾರೆ. ಆದರೆ ಕ್ಯಾಂಪಿಗೆ ಹುಣ್ಣಿಮೆಯಿಲ್ಲ. ರಾಯರು ಗದ್ದೆಯಾಚೆಯಿಂದ ಕೈ ಬೀಸಿದರು: ಆ ಅಂಗಳದ ಮೂಲೆ. ಅದು ಅಕ್ಕನ ಅಂಗಳ. ಭಾವ ಸುಬ್ಬಪ್ಪ ಗದ್ದೆಯ ಬದುವಿನ ಮೇಲೆ ಕೂತು ಕೊಟ್ಟೆಕಡುಬು ಬಿಡಿಸುತ್ತಿದ್ದವನು, “ಓಹೋಹೋ, ಲೆವೆಲ್ ಸಾಹೇಬ್ರು ಬಂದ್ರು! ನಮ್ಮನೆ ಬಾಗ್ಲಿಗೂ ಬಂತಲ್ಲೋ ನಿನ್ ಕೋಲು! ಏ ಹುಲಿಯಾ, ಸಾಹೇಬ್ರಿಗೆ ಮಣೆ ಹಾಕೇ” ಎಂದ. ಅಕ್ಕ ಬುಟ್ಟಿ ಹಿಡಿದು ಬಂದವಳು ಕೋಲಿನ ಬುಡದ ಕಬ್ಬಿಣ ನೋಡಿ ನಿಂತುಬಿಟ್ಟಳು. ಅವಳಿಗೆ ಆಗ ಐದು ತಿಂಗಳು. ಅದೂ ನಿಲ್ಲಲಿಲ್ಲ, ಆ ಮಾತು ಬೇರೆ. “ತಮ್ಮ, ಇವತ್ತೊಂದಿನ ಕಬ್ಣ ಊರ್ಬ್ಯಾಡ ಕಣೋ. ತಾಯಿ ಬಸ್ರಿ. ಆ ಕಲ್ಲಿನ್ ಮ್ಯಾಲೆ ಇಟ್ಕ, ಏನಾತದೆ?” ಎಂದಳು. ಅವನು ಕೋಲನ್ನು ಎತ್ತಿ ಹೊರೆಗಲ್ಲಿನ ನೆತ್ತಿಯ ಮೇಲೆ ಇಟ್ಟ. ನಡುವೆ ಎದೆಯೆತ್ತರದ ಬತ್ತ. ರಾಯರಿಗೆ ಕೋಲಿನ ಮೇಲ್ಭಾಗ ಕಂಡಿತು, ಬುಡ ಕಾಣಲಿಲ್ಲ. ಅವರು ಓದಿದರು, ಬರೆದರು, ಮುಂದಕ್ಕೆ ಎಂದು ಕೈ ಬೀಸಿದರು. ಒಂದು ಎಲೆಯಡಿಕೆ ಹಾಕುವಷ್ಟೂ ಹೊತ್ತಲ್ಲ.

ಆ ಕ್ಯಾಂಪಿಗೆ ಸೇರುವ ಮೊದಲು ಗುತ್ಯಪ್ಪನಿಗೆ ಲೆವೆಲ್ ಅನ್ನುವ ಮಾತೇ ಗೊತ್ತಿರಲಿಲ್ಲ. ಊರಿನಲ್ಲಿ ಗದ್ದೆಗೆ ಮಟ್ಟ ಅನ್ನುತ್ತಿದ್ದರು, ತಕ್ಕಡಿಗೆ ಸಮ, ಗೋಡೆಗೆ ಎತ್ತರ, ಮನುಷ್ಯರಿಗೆ ಅಂತಸ್ತು, ಅಂಬಲಿಗೆ ಹದ. ಒಂದೊಂದಕ್ಕೆ ಒಂದೊಂದು ಮಾತು, ಒಂದೊಂದು ಕೇರಿಗೆ ಒಂದೊಂದು ಹೆಸರಿದ್ದ ಹಾಗೆ. ಕ್ಯಾಂಪಿನಲ್ಲಿ ಎಲ್ಲಕ್ಕೂ ಅದೊಂದೇ. ದುರ್ಬೀನಿಗೂ ಲೆವೆಲ್, ಅದರಲ್ಲಿ ಕಂಡದ್ದಕ್ಕೂ ಲೆವೆಲ್, ಮರದ ಕಾಂಡಕ್ಕೆ ಬಳಿದ ಬಿಳಿ ಪಟ್ಟೆಗೂ ಲೆವೆಲ್. ಅವನು ಮೊದಲ ದಿನ ಊಟಕ್ಕೆ ರಾಯರ ಡೇರೆಯ ನೆರಳಿನಲ್ಲಿ ಎಲೆ ಹಾಕಿಕೊಂಡಾಗ ಅಡುಗೆಯವನು, “ಏಯ್, ನಿನ್ ಲೆವೆಲ್ ನೋಡ್ಕೊಂಡು ಕೂತ್ಕೊ” ಎಂದು ಸೌಟಿನಲ್ಲಿ ಆಚೆಯ ಹಲಸಿನ ಮರ ತೋರಿಸಿದ್ದ. ಗುತ್ಯಪ್ಪ ಎಲೆ ಎತ್ತಿಕೊಂಡು ಎದ್ದಾಗ ಸಾರು ಹರಿದು ಮೊಣಕೈವರೆಗೆ ಇಳಿದಿತ್ತು. ಆ ಬಿಸಿ ಇವತ್ತಿಗೂ ನೆನಪಿದೆ. ಆದರೆ ರಾಯರು ಒಳ್ಳೆಯವರು. ಒಂದು ಸಂಜೆ ಕರೆದು ಗಾಜಿನ ಪುಟ್ಟ ಕೊಳವೆ ತೋರಿಸಿದ್ದರು, ಒಳಗೆ ಎಣ್ಣೆಯಂಥ ನೀರು, ಅದರಲ್ಲಿ ಒಂದು ಗುಳ್ಳೆ. “ನೋಡು ಗುತ್ಯಪ್ಪ, ಈ ಗುಳ್ಳೆ ನಟ್ಟನಡುವೆ ನಿಂತರೆ ಲೆವೆಲ್. ಆಮೇಲೆ ಇದು ಸುಳ್ಳು ಹೇಳೋದಿಲ್ಲ.” ಅವನು ಕೈಯಲ್ಲಿ ಹಿಡಿದಾಗ ಗುಳ್ಳೆ ಓಡಾಡಿತು, ಹಿಡಿದಷ್ಟು ಹೊತ್ತೂ ಅದು ನಿಲ್ಲಲೇ ಇಲ್ಲ. ಕಲ್ಲಿನ ಮೇಲೆ ಕೋಲಿಟ್ಟ ದಿನದಿಂದ ಆ ಗುಳ್ಳೆ ಅವನ ಎದೆಯಲ್ಲಿ ಸೇರಿಕೊಂಡಿತು. ಇಕ್ಕೇರಿಯ ಅಘೋರೇಶ್ವರನ ಮುಂದೆ ಹೇಳಿಬಿಡೋಣ ಎಂದು ಒಮ್ಮೆ ಹೋಗಿದ್ದ. ಕಲ್ಲಿನ ತಂಪಿನಲ್ಲಿ ಕೈ ಮುಗಿದು ನಿಂತಾಗಲೂ ಅದು ಎಡಕ್ಕೆ ಬಲಕ್ಕೆ ಸರಿಯುತ್ತಿತ್ತು. ದೇವರ ಮುಂದೆ ಆಡಿದರೆ ಮುಗಿಯುವ ಮಾತಲ್ಲ ಇದು ಎಂದು ಅಲ್ಲಿ ಹೊಳೆದಿತ್ತು. ದೇವರಿಗೆ ಮೊದಲೇ ಗೊತ್ತಿದೆ.

ಗೊತ್ತಿದ್ದರೆ ಆ ದೇವರನ್ನೇ ಕೇಳಬೇಕಿತ್ತು, ಕೋಲನ್ನು ಎತ್ತಿದ ಕೈ ಯಾರ ಮಾತಿಗೆ ಎತ್ತಿತು ಎಂದು. ಭೂಮ್ತಾಯಿಯ ಭಯಕ್ಕೇ? ಅಕ್ಕನ ಮಾತಿಗೇ? ಅಥವಾ, ಗುತ್ಯಪ್ಪ ಇದನ್ನು ಹಾಲಮ್ಮನಿಗೂ ಹೇಳಿರಲಿಲ್ಲ, ಕೋಲು ಮೇಲಕ್ಕೆ ಹೋದರೆ ಅಕ್ಕನ ಮನೆಯೂ ಮೇಲಕ್ಕೆ ಹೋಗುತ್ತದೆ ಎಂಬ ಒಂದು ಮಿಣುಕು ಆ ಕ್ಷಣ ಒಳಗೆ ಹೊತ್ತಿರಲಿಲ್ಲವೇ? ಮುಳುಗಡೆಯ ಪಟ್ಟಿ ಬಂದ ದಿನ ನೇರಲಕೊಪ್ಪದ ಹತ್ತೊಂಬತ್ತು ಮನೆಯ ಹೆಸರು ಕೂಗಿದರು. ಅವರಿಗೆಲ್ಲ ಬೇರೆ ಕಡೆ ಜಾಗ. ಸುಬ್ಬಪ್ಪನ ಹೆಸರು ಬರಲಿಲ್ಲ. ಕೆಳಗಿನ ಮನೆಗಳಲ್ಲಿ ಹೆಂಗಸರು ಬಾಗಿಲ ಚೌಕಟ್ಟು ತಬ್ಬಿಕೊಂಡು ಅಳುತ್ತಿದ್ದಾಗ ಮೇಲಿನ ಈ ಮನೆಯಲ್ಲಿ ಪಾಯಸ. “ನಮ್ಮನೆ ಲೆವೆಲ್ ಮ್ಯಾಲೈತೆ ಕಣ್ರೋ!” ಎಂದು ಸುಬ್ಬಪ್ಪ ಆ ಮಾತನ್ನು ಅಂಗಿಯಂತೆ ತೊಟ್ಟುಕೊಂಡು ಓಡಾಡಿದ. ಗುತ್ಯಪ್ಪನ ಹೆಗಲ ಮೇಲೆ ಕೈ ಹಾಕಿ ಎಲ್ಲರೆದುರು, “ನನ್ ಭಾಮೈದ ಕೋಲ್ ಹಿಡ್ದೋನು. ಅವ್ನ್ ಕೈಗುಣ” ಎಂದ. ಅಲ್ಲ ಭಾವ ಎನ್ನಬೇಕಿತ್ತು. ಗುತ್ಯಪ್ಪ ನಕ್ಕ. ತಲೆ ಬಗ್ಗಿಸಿ, ಏನೋ ಉಪಕಾರ ಮಾಡಿ ಮರೆಮಾಚುವವನ ಹಾಗೆ ನಕ್ಕ. ಎರಡನೇ ಸಲ ಪಾಯಸ ಹಾಕಿಸಿಕೊಂಡ. ಆ ನಗು ಅವನಿಗೆ ಈಗ ಹೊರೆಗಲ್ಲಿಗಿಂತ ಭಾರ.

ಅವನು ಅಂಗಳದ ನಡುವೆ ಕೂತು, ಕಬ್ಬಿಣ ಮುಟ್ಟಿಸದೆ, ಬೆರಳಿನಿಂದಲೇ ಬಿರುಕಿನ ಹೆಂಟೆ ಬಿಡಿಸಿ ಏಳು ಬೊಗಸೆ ಮಣ್ಣು ಬುಟ್ಟಿಗೆ ತುಂಬಿದ. ಮೇಲೆ ಟುವಾಲು ಹೊದಿಸಿದ. ಹುಣ್ಣಿಮೆಯ ಆ ದಿನ ಅಕ್ಕ ಇದೇ ಬುಟ್ಟಿಯಲ್ಲಿ ರಾಯರಿಗೆಂದು ಕಡುಬು ಹಾಕಿ ಕೊಟ್ಟು, “ಸಂಜಿಗೆ ತಂದ್ಕೊಡು, ಅಮ್ಮನ್ ಕಾಲದ್ದು” ಎಂದಿದ್ದಳು. ಸಂಜೆಯ ಹೊತ್ತಿಗೆ ಕ್ಯಾಂಪು ಮುಂದಿನ ಊರಿಗೆ ಎದ್ದಿತ್ತು. ಆಮೇಲೆ ನಾಳೆ ನಾಡಿದ್ದು. ಆಮೇಲೆ ರಾಯರು ‘ಕೋಲನ್ನು ನೆಟ್ಟಗೆ ಹಿಡಿಯುವ ನಂಬಿಗಸ್ತ’ ಎಂದು ಬರೆದುಕೊಟ್ಟ ಚೀಟಿಯಿಂದ ಸಾಗರದಾಚೆಯ ರೈಲು ಗೇಟು ಕಾಯುವ ಕೆಲಸ ಸಿಕ್ಕಿತು. ಮೊದಲ ದಿನವೇ ಹೇಳಿದ್ದರು: “ಇದಕ್ಕೆ ಲೆವೆಲ್ ಕ್ರಾಸಿಂಗ್ ಅಂತಾರೆ.” ಅವನು ಬೆಚ್ಚಿದ್ದ. ಆ ಮಾತು ಅವನಿಗಿಂತ ಮೊದಲೇ ಬಂದು ಅಲ್ಲಿ ಕೂತಿತ್ತು.

ರಸ್ತೆಗೆ ಬಂದು ಹೊಸನಗರದ ಬಸ್ಸು ಹಿಡಿದಾಗ ಒಂಬತ್ತಾಗಿರಬೇಕು. ಕೂರಲು ಜಾಗವಿತ್ತು. ಕಂಡಕ್ಟರು ಬುಟ್ಟಿಯನ್ನು ಬೆರಳಿನಿಂದ ತಟ್ಟಿ, “ಎಂತದಾ ಇದು?” ಎಂದ.

“ಮಣ್ಣು.”

“ಮಣ್ಣಾ! ತೀರ್ಥಳ್ಳಿ ಕಡೆ ಮಣ್ಣಿಗೆ ಬರ ಬಂದದಾ ಮಾರಾಯ?”

ಬಸ್ಸೆಲ್ಲ ನಕ್ಕಿತು. ಕೋಳಿಯನ್ನು ಕಾಲು ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದ ಮುದುಕಿ ಮಾತ್ರ, “ಬಿಡಾ, ಅವ್ನ್ ಮಣ್ಣು ಅವ್ನ್ ತಗಂಡ್ ಹೋಗ್ತಾನೆ. ನಿನ್ ಅಪ್ಪನ್ ಮನೆ ಗಂಟೆಂತ ಹೋಗ್ತದೆ?” ಎಂದಳು. ಕಂಡಕ್ಟರು ಸೋಲಲಿಲ್ಲ. “ಆಯ್ತಜ್ಜಿ, ನಿಮ್ ಕೋಳಿಗೆ ಅರ್ಧ ಟಿಕೀಟು, ಅವ್ರ ಮಣ್ಣಿಗೆ ಮಾಫಿ. ಹ್ವಾಯ್, ಬುಟ್ಟಿ ಲೆವೆಲ್ಲಾಗಿ ಹಿಡ್ಕಳಿ. ಚೆಲ್ಲಿದ್ರೆ ನೀವೇ ಬಳೀಬೇಕು.” ಗುತ್ಯಪ್ಪ ಎರಡೂ ಕೈಯಲ್ಲಿ ಬುಟ್ಟಿಯ ಕಂಠ ಹಿಡಿದ. ರಸ್ತೆ ಏರಿದಾಗ ಮುಂದಕ್ಕೆ, ಇಳಿದಾಗ ಹಿಂದಕ್ಕೆ ವಾಲಿಸುತ್ತಾ, ತಿರುವಿನಲ್ಲಿ ಮೈಯನ್ನೇ ಓರೆ ಮಾಡುತ್ತಾ ಕೂತ. ಪಕ್ಕದವನು ಯಾರದೋ ಮದುವೆಯ ಮಾತು ಹೇಳುತ್ತಿದ್ದ, ಹುಡುಗಿಯ ಮನೆಯವರು ನಮ್ಮ ಲೆವೆಲ್ಲಿಗೆ ಸರಿಯಿಲ್ಲ ಎಂದು. ಹಿಂದೆ ಬೆಳಗ್ಗೆಯೇ ಕುಡಿದು ಬಂದವನೊಬ್ಬನನ್ನು ಇನ್ನೊಬ್ಬ, “ಇವ್ನ್ ಲೆವೆಲ್ ಆಗಿ ಬಂದಾನೆ, ಮಾತಾಡಿಸ್ಬೇಡಿ” ಎಂದು ಛೇಡಿಸಿದ. ಜನ ಹೀಗೆ ಆ ಮಾತನ್ನು ಎಲ್ಲೆಂದರಲ್ಲಿ ಉಗುಳಿ ನಡೆದುಬಿಡುತ್ತಾರೆ. ನೀರು ಕೇರಿಗಳನ್ನು ಒಂದೇ ಮಾಡಿದ ಹಾಗೆ ಅದು ಮಟ್ಟ, ಸಮ, ಹದ, ಅಂತಸ್ತು ಎಲ್ಲವನ್ನೂ ಮುಚ್ಚಿ ಹರಡಿಕೊಂಡಿತ್ತು. ಕೆಳಗೆ ಯಾವುದು ಎಲ್ಲಿತ್ತು ಎಂದು ನೆನಪಿದ್ದವರು ಎಷ್ಟು ಜನ?

ಅಕ್ಕನಿಗೆ ಏನು ಹೇಳುವುದು ಎಂಬುದನ್ನು ಅವನು ದಾರಿಯಲ್ಲಿ ಕಟ್ಟುತ್ತಾ ಬಂದ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, ನೀನೇ ಅಂದೆಯಲ್ಲ ಅಕ್ಕ, ಕಲ್ಲಿನ ಮೇಲಿಡು ಅಂತ, ಎಂಬ ಮಾತು ಬಂದೇ ಬರುತ್ತದೆ. ಬಂದರೆ ಅರ್ಧ ಹೊರೆ ಅವಳ ತಲೆಗೆ. ಗಂಡನ ಸಾವು ತನ್ನ ಬಾಯಿಂದ ಹೊರಟಿತು ಎಂದು ತಿಳಿದ ಹೆಂಗಸು ಆಮೇಲೆ ಹೇಗೆ ಅನ್ನ ಬಸಿಯುತ್ತಾಳೆ? ಒಂಬತ್ತು ವರ್ಷದಲ್ಲಿ ಎಷ್ಟೋ ಸಲ, ಗೇಟಿನ ಗೂಡಿನಲ್ಲಿ ಒಬ್ಬನೇ ಕೂತಾಗ, ಆ ಮಾತನ್ನು ಅವನು ನಾಲಿಗೆಯ ಮೇಲಿಟ್ಟು ರುಚಿ ನೋಡಿದ್ದ, ನೀನೇ ಅಂದಿದ್ದು ಎಂದು. ಅದರಲ್ಲೊಂದು ಹೇಸಿಗೆಯ ಸಮಾಧಾನವಿತ್ತು. ಇಲ್ಲ. ಅವಳ ಮಾತನ್ನು ತೆಗೆದುಹಾಕಿ ಹೇಳಬೇಕು. ಸೋಮಾರಿತನದಿಂದ ಕಲ್ಲಿನ ಮೇಲಿಟ್ಟೆ, ಕೆಸರು ತುಳಿಯಲು ಬೇಸರವಾಗಿ ಇಟ್ಟೆ ಎಂದು ಹೇಳಬೇಕು. ಒಂದು ತಪ್ಪು ಒಪ್ಪಿಕೊಳ್ಳಲು ಒಂದು ಸುಳ್ಳು. ಎದೆಯೊಳಗಿನ ಗುಳ್ಳೆ ಅಷ್ಟಕ್ಕೇ ಒಂದು ಕಡೆಗೆ ಓಡಿತು.

ಹೊಸನಗರದಲ್ಲಿ ತೀರ್ಥಹಳ್ಳಿಯ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ನೆರಳಿಗಾಗಿ ಎಲ್ಲರೂ ಬಸ್ಸು ನಿಲ್ಲುವ ಕಡೆಯ ಮಾವಿನ ಮರದ ಬುಡಕ್ಕೆ ಹೋದರು. ಗುತ್ಯಪ್ಪ ಬಿಸಿಲಿನಲ್ಲೇ ನಿಂತ. ಆ ಮರದ ಬುಡದಲ್ಲಿಯೇ ಹೋದ ಮಾರ್ಗಶಿರದಲ್ಲಿ ಸುಬ್ಬಪ್ಪ ಟುವಾಲು ಹಾಸಿ ಒರಗಿದವನು ಬಸ್ಸು ಬಂದಾಗ ಏಳಲಿಲ್ಲ. ಅಣೆಕಟ್ಟೆ ಮುಚ್ಚಿದ ಎರಡನೇ ಮಳೆಗಾಲಕ್ಕೆ, ಮೂರು ವರ್ಷದ ಹಿಂದೆ, ನೀರು ಮೆಟ್ಟಿಲು ಹತ್ತಿ, ಜಗಲಿ ದಾಟಿ, ಒಳಗೆ ಬಂದು ಹದಿನೆಂಟು ದಿನ ನಿಂತಿತು. ಮಣ್ಣಿನ ಗೋಡೆ ಬುಡದಿಂದ ಬೆಂದ ಗೆಣಸಿನಂತೆ ಕುಸಿಯಿತು. ಸುಬ್ಬಪ್ಪ ಮುಳುಗಡೆಯ ಕಚೇರಿಗೆ ಹೋದ. ಅಲ್ಲಿ ಪುಸ್ತಕ ತೆಗೆದು ನೋಡಿ, ನಿನ್ನ ಮನೆಗೆ ಲೆವೆಲ್ ಪ್ರಕಾರ ನೀರು ಬಂದಿಲ್ಲ ಎಂದರು. “ಸ್ವಾಮಿ, ನನ್ ಪಂಚೆ ನೋಡಿ, ಇನ್ನೂ ಒಣಗಿಲ್ಲ” ಎಂದನಂತೆ. ಇದು ನಮ್ಮ ಲೆವೆಲ್ಲಿನಲ್ಲಿ ಆಗುವುದಲ್ಲ, ಮೇಲಿನ ಲೆವೆಲ್ಲಿಗೆ ಬರೆದುಕೋ ಎಂದರಂತೆ. ಹನ್ನೊಂದು ಸಲ ಹೋದ. ಹನ್ನೊಂದನೆಯ ಸಲ ತಿರುಗಿ ಬರುವಾಗ ಈ ಮರ. ಸುದ್ದಿ ಬಂದಾಗ ಗುತ್ಯಪ್ಪ, ಗೇಟು ಬಿಡುವಂತಿಲ್ಲ, ರಜೆ ಕೊಡುವುದಿಲ್ಲ ಎಂದು ಹೆಂಡತಿಯನ್ನು ಕಳಿಸಿದ. ರಜೆಯನ್ನು ಅವನು ಕೇಳಿಯೇ ಇರಲಿಲ್ಲ. ದಿನಕ್ಕೆ ಎರಡು ರೈಲು ಬರುವ ಗೇಟು ಅದು. ಆ ದಿನವೆಲ್ಲ ಗೇಟನ್ನು ಹಾಕಿ, ತೆಗೆದು, ಮತ್ತೆ ಹಾಕಿ, ಒಬ್ಬ ಗಾಡಿಯವನಿಂದ “ರೈಲಿಲ್ಲ ಮಣ್ಣಿಲ್ಲ, ತಲೆ ಲೆವೆಲ್ ಇಲ್ವೇನೋ ನಿಂದು?” ಎಂದು ಬೈಸಿಕೊಂಡಿದ್ದ. ಈಗ ಮರದ ಬುಡದಲ್ಲಿ ಒಬ್ಬಳು ತಾಯಿ ಮಗುವಿಗೆ ಬಾಳೆಹಣ್ಣು ಕಿವುಚಿ ತಿನ್ನಿಸುತ್ತಿದ್ದಳು. ಗುತ್ಯಪ್ಪ ಟುವಾಲಿನ ಮೂಲೆ ಎತ್ತಿ, ಚಿಟಿಕೆ ಮಣ್ಣು ತೆಗೆದು, ಯಾರೂ ನೋಡದಂತೆ ಬೇರಿನ ಮೇಲೆ ಉದುರಿಸಿದ. ಭಾವ, ನಿನ್ನ ಅಂಗಳ.

ಮಧ್ಯಾಹ್ನ ಇಳಿದ ಮೇಲೆ ತೀರ್ಥಹಳ್ಳಿಗೆ ಇನ್ನೂ ಎರಡು ಹರದಾರಿ ಇರುವಾಗಲೇ ಇಳಿದು ಮಣ್ಣಿನ ರಸ್ತೆಯಲ್ಲಿ ನಡೆದ. ಮನೆ ಬಿದ್ದ ಮೇಲೆ ಅಕ್ಕ ಭಾವ ಕೂಲಿಗೆ ಬಂದು ಸೇರಿದ್ದ ಹೂವಯ್ಯಗೌಡರ ಮನೆ ಕೇಳಿದರೆ ಎಲ್ಲರೂ ತೋರಿಸಿದರು. ಅಂಗಳದಲ್ಲಿ ಹಪ್ಪಳ ಒಣಹಾಕಿ ಕಾಗೆ ಓಡಿಸುತ್ತಿದ್ದ ಗೌಡರ ಹೆಂಡತಿ ದುಗ್ಗಮ್ಮ ಕೋಲು ಎತ್ತಿ ಹಿಡಿದೇ ಕೇಳಿದರು: “ಯಾರಾ ನೀನು? ಬುಟ್ಟಿ ಮಾರೋಕೆ ಬಂದ್ಯಾ? ನಮಗೆ ಬ್ಯಾಡ.”

“ಅಲ್ರೀ ಹೆಗ್ಗಡ್ತಮ್ಮ. ನಾನು ಹುಲಿಯಮ್ಮನ ತಮ್ಮ. ಸಾಗರದಿಂದ.”

ದುಗ್ಗಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. “ಅವ್ಳಿಗೆ ತಮ್ಮ ಇದಾನಾ! ಒಂದ್ ದಿನಾನೂ ಅಂದಿಲ್ಲ ಅವ್ಳು. ಗಂಡ ಸತ್ತಾಗ್ಲೂ ಯಾರೋ ನಾದ್ನಿಯೊಬ್ಳು ಬಂದಿದ್ಳು ಅಷ್ಟೆ.” ಆಮೇಲೆ ದನಿ ಇಳಿಸಿ, “ಹೋಗು, ಕೊಟ್ಟಿಗೆ ಹಿಂದೆ ಗೊಬ್ಬರ ಎಳೀತಿದಾಳೆ. ಆಸ್ರಿಗೆ ಬೇಕಾದ್ರೆ ಬಂದ್ ಕೇಳು, ಮಜ್ಜಿಗೆ ಅದೆ” ಎಂದರು. ತನ್ನ ಹೆಸರು ಈ ಮನೆಯಲ್ಲಿ ಒಂದು ದಿನವೂ ಬಂದಿಲ್ಲ. ಕೊಟ್ಟಿಗೆಯ ಗೋಡೆ ಬಳಸಿ ಹೋಗುವ ಇಪ್ಪತ್ತು ಹೆಜ್ಜೆಯಲ್ಲಿ ಗುತ್ಯಪ್ಪನಿಗೆ ತಿರುಗಿ ಹೋಗಿಬಿಡಬೇಕೆನ್ನಿಸಿತು.

ಹುಲಿಯಮ್ಮ ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಹೆಡಿಗೆಗೆ ಗೊಬ್ಬರ ತುಂಬುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಅವಳು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಬುಟ್ಟಿಯನ್ನು. ಕೈ ನಿಂತಿತು. “ಬಂದ್ಯಾ?” ಎಂದಳು, ಸಂತೆಗೆ ಹೋಗಿ ಬಂದವನನ್ನು ಕೇಳುವ ಹಾಗೆ. “ಹಾಲಮ್ಮ ಚೆನ್ನಾಗಿದಾಳಾ? ನೀ ಸೊರಗೀಯಲ್ಲೋ. ಗೇಟಲ್ಲಿ ಅನ್ನ ಹಾಕಲ್ವೇನೋ ನಿಂಗೆ?”

ಅವನು ಕಟ್ಟಿಕೊಂಡು ಬಂದ ಮಾತುಗಳೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು ಸಿಕ್ಕಿಕೊಂಡವು. ಕೂರದೆ, ಉಸಿರು ತೆಗೆಯದೆ, ಗೊಬ್ಬರದ ಗುಂಡಿಯನ್ನೇ ನೋಡುತ್ತಾ ಹೇಳಿದ. “ಅಕ್ಕ, ಆ ಅಳತೆ ದಿನ ನಾ ಕೋಲನ್ನ ನೆಲಕ್ಕೆ ಇಡ್ಲಿಲ್ಲ. ಹೊರೆಗಲ್ಲಿನ್ ಮ್ಯಾಲಿಟ್ಟೆ. ಕೆಸ್ರಿತ್ತು, ಕಾಲಿಡೋಕೆ ಬ್ಯಾಸ್ರ ಬಂತು, ಅದ್ಕೆ. ಎರಡೂವರೆ ಅಡಿ. ಅದ್ಕೇ ನಿಮ್ ಹೆಸ್ರು ಪಟ್ಟಿಲಿ ಬರ್ಲಿಲ್ಲ. ಮನೆ ಮುಳುಗಿದ್ದು ನನ್ನಿಂದ. ಭಾವ ಹೋಗಿದ್ದೂ ನನ್ನಿಂದ. ಇಷ್ಟ್ ದಿನ ಹೇಳ್ಲಿಲ್ಲ ನಾನು.”

ಒಳಗೆ ಕರುವೊಂದು ಕೊರಳ ಗಂಟೆ ಅಲ್ಲಾಡಿಸಿತು.

“ಕೆಸ್ರಿತ್ತಾ?” ಎಂದಳು.

“ಹ್ಞೂಂ.”

“ಹುಣ್ಮೆ ದಿನ ನಾ ಅಂಗ್ಳ ಸಾರ್ಸಿ ಹಸೆ ಬರ್ದಿದ್ದೆ ಕಣೋ. ಕೆಸ್ರು ಎಲ್ಲಿಂದ ಬಂತು?” ಅವಳು ಹೆಡಿಗೆಯ ಅಂಚಿನ ಮೇಲೆ ಕೂತಳು. “ಕಬ್ಣ ಊರ್ಬ್ಯಾಡ ಅಂದೋಳು ನಾನು. ಕಲ್ಲಿನ್ ಮ್ಯಾಲಿಡು ಅಂದೋಳು ನಾನು. ನಂಗೆ ಮರ್ತೋಗಿರತ್ತೆ ಅಂದ್ಕಂಡ್ಯಾ? ಎಲ್ಲ ನುಂಗ್ಕಂಡು ನೀ ಒಬ್ನೇ ಹೊತ್ಕಂಡ್ ಹೋಗೋಣ ಅಂತ ಬಂದ್ಯಾ?”

ಗುತ್ಯಪ್ಪ ಗೋಡೆಗೆ ಒರಗಿ ಹಾಗೆಯೇ ಜಾರಿ ಕೂತ. ಬುಟ್ಟಿ ಮಡಿಲಲ್ಲಿತ್ತು. “ನಿಂಗೆ ಗೊತ್ತಿತ್ತಾ?”

“ನೀ ಕೋಲಿಟ್ಟ ಕಲ್ಲಿನ ನೆತ್ತಿಗೇ ನೀರು ಬಂದು ನಿಂತ್ಕಂಡ್ತಲ್ಲೋ. ಅದ್ನ ನೋಡಿದ್ ದಿನಾನೇ ನಿಮ್ ಭಾವಂಗೆ ತಿಳೀತು. ಜಗ್ಲಿ ಮ್ಯಾಲೆ ನೀರಲ್ಲಿ ನಿಂತ್ಕಂಡು ಆ ಕಲ್ಲನ್ನೇ ನೋಡಿದ್ರು, ನೋಡಿದ್ರು. ಆಮೇಲೆ ನಕ್ರು. ‘ಸಾಹೇಬ್ರ ಲೆವೆಲ್ ಸರಿಯಾಗೇ ಐತೆ ಹುಲಿಯಾ’ ಅಂದ್ರು. ಅಷ್ಟೇ ಅಂದಿದ್ದು.”

“ಕಚೇರಿಲಿ ಹೇಳ್ಬೋದಿತ್ತಲ್ಲ! ಕೋಲು ಕಲ್ಲಿನ್ ಮ್ಯಾಲಿತ್ತು ಅಂತ ಒಂದ್ ಮಾತು…”

“ಕೇಳಿದ್ರಂತೆ.” ಹುಲಿಯಮ್ಮ ಸೆರಗಿನ ತುದಿಯಲ್ಲಿ ಕೈಯ ಗೊಬ್ಬರ ಒರೆಸತೊಡಗಿದಳು, ಬೆರಳು ಬೆರಳಿಗೆ. “ಐದ್ನೇ ಸಲಾನೋ ಆರ್ನೇ ಸಲಾನೋ. ಗುಮಾಸ್ತ ಕೂರಿಸ್ಕಂಡು ಕೇಳಿದ್ನಂತೆ. ಅಳತೆ ದಿನ ಕೋಲು ಹಿಡ್ದೋನು ಯಾರು, ಎಲ್ಲಿಟ್ಟಿದ್ದ, ಕಂಡಿದ್ದು ಹೇಳಿ ಹೆಬ್ಬೆಟ್ಟು ಒತ್ತು, ಮತ್ತೆ ಅಳತೆ ಮಾಡ್ಸೋಣ ಅಂತ. ಇವ್ರು ಏನಂದ್ರು ಗೊತ್ತಾ? ‘ನಾನು ಅವತ್ತು ಊರಲ್ಲಿರ್ಲಿಲ್ಲ ಸ್ವಾಮಿ’ ಅಂದ್ರಂತೆ.”

ಗದ್ದೆಯ ಬದುವಿನ ಮೇಲೆ ಕೂತು ಕಡುಬಿನ ಎಲೆ ಬಿಡಿಸುತ್ತಾ, ಬೆರಳಿಗಂಟಿದ ಹಿಟ್ಟನ್ನು ನೆಕ್ಕುತ್ತಾ ನಗುತ್ತಿದ್ದ ಮುಖ ಗುತ್ಯಪ್ಪನ ಕಣ್ಣೆದುರು ಬಂತು. ಊರಲ್ಲಿರಲಿಲ್ಲ.

“ಮನೀಗೆ ಬಂದು ನಂಗೆ ಅಂದ್ರು, ‘ಹೇಳಿದ್ರೆ ಗುತ್ಯನ ಗೇಟಿನ್ ಕೆಲಸ ಹೋತದೆ. ನಮ್ದಂತೂ ಹೋತು. ಅವ್ನ್ ಮನೆ ದೀಪ ಯಾಕೆ ಆರಿಸ್ಬೇಕು’ ಅಂತ. ಆಮೇಲೂ ಹೋದ್ರು. ಆ ಒಂದ್ ಮಾತು ಬಿಟ್ಟು ಬೇರೆ ಏನಾದ್ರೂ ಹೇಳಿ ಆಗತ್ತಾ ಅಂತ ನೋಡೋಕೆ ಹೋಗ್ತಿದ್ರು. ಅದೊಂದ್ ಬಿಟ್ರೆ ಬೇರೆ ಮಾತು ಎಲ್ಲಿತ್ತೋ ಹೇಳೋಕೆ?”

ಗುತ್ಯಪ್ಪನಿಗೆ ಅಳು ಬರಲಿಲ್ಲ. ಮೂರು ವರ್ಷ ಅಕ್ಕನ ಸಿಟ್ಟಿಗೆ ಹೆದರಿ ಅಡಗಿದ್ದ. ಅಲ್ಲಿ ಸಿಟ್ಟೇ ಇರಲಿಲ್ಲ. ಭಾವ ತನ್ನ ಜೀವ ಇಟ್ಟು ಉಳಿಸಿಕೊಟ್ಟ ಗೇಟಿನ ಕೆಲಸವನ್ನು ನೆಪ ಮಾಡಿಕೊಂಡೇ ತಾನು ಅವನ ಹೆಣಕ್ಕೆ ಹೆಗಲು ಕೊಡಲಿಲ್ಲ. “ನಾಳೆನೇ ಹೋಗ್ತೀನಿ ಅಕ್ಕ,” ಎಂದ ಕೊನೆಗೆ. “ಕಚೇರಿಗೆ ಹೋಗಿ ನಾನೇ ಬರೆಸ್ಕೊಡ್ತೀನಿ. ಕೆಲ್ಸ ಹೋದ್ರೆ ಹೋಗ್ಲಿ. ನಿಂಗೆ ಜಾಗ…”

“ಬ್ಯಾಡ.” ಅವಳ ದನಿ ಮೊದಲ ಸಲ ಗಟ್ಟಿಯಾಯಿತು. “ಹನ್ನೊಂದ್ ಸಲ ಅವ್ರು ನುಂಗಿದ್ ಮಾತು ಅದು. ಅದ್ನ ನೀ ಉಗುಳ್ಬ್ಯಾಡ. ಅವ್ರು ಬಿಟ್ಟೋಗಿದ್ದು ನಂಗೆ ಅದೊಂದೇ ಐತೆ.”

ಬಿಸಿಲು ಕೊಟ್ಟಿಗೆಯ ಸೋಗೆಯಿಂದ ಜಾರಿ ಗುಂಡಿಯ ಅಂಚಿಗೆ ಬಂದಿತ್ತು. ಪಡುವಣದಲ್ಲಿ ಬೆಳಗಿನ ಗುಡುಗು ಇನ್ನೊಮ್ಮೆ, ಈಗ ಸ್ವಲ್ಪ ಹತ್ತಿರದಿಂದ. ಅಂಗಳದ ಕಡೆಯಿಂದ ದುಗ್ಗಮ್ಮ, “ಏ ಹುಲಿಯಾ, ನಿನ್ ತಮ್ಮಂಗೆ ಮಜ್ಜಿಗೆ ಕೊಡ್ತೀಯೋ ಇಲ್ವೋ? ಪಾಪ, ಬಿಸಿಲಲ್ಲಿ ಬಂದಾನೆ” ಎಂದು ಕೂಗಿದರು. “ಬಂದೆ ಅಮ್ಮಾ” ಎಂದಳೇ ಹೊರತು ಹುಲಿಯಮ್ಮ ಏಳಲಿಲ್ಲ. ಅವಳ ಕಣ್ಣು ಬುಟ್ಟಿಯ ಮೇಲಿನ ಚಿತ್ತಾರದ ಮೇಲಿತ್ತು. ಆ ಹುಣ್ಣಿಮೆಗೆಂದು ನಾರಿನ ಕುಂಚದಿಂದ ತಾನೇ ಎಳೆದ ಎಳೆಗಳಲ್ಲಿ ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ಒಂದೊಂದನ್ನೇ ಸವರಿ ನೋಡುತ್ತಿತ್ತು.

“ಸಂಜಿಗೆ ತಂದ್ಕೊಡು ಅಂದಿದ್ದೆ” ಎಂದಳು.

ಗುತ್ಯಪ್ಪ ಎದ್ದ. ಟುವಾಲು ತೆಗೆದ. ಒಳಗಿನ ಕೆಂಪು ಮಣ್ಣು ದಾರಿಯಲ್ಲಿ ಬಸ್ಸಿನ ಕುಲುಕಿಗೆ ತಾನಾಗಿ ಕೂತು ಸಮವಾಗಿತ್ತು. ಅದು ಯಾವ ಮಣ್ಣು ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಅವಳು ಎದ್ದು ಎತ್ತಿ ಕಟ್ಟಿದ್ದ ಸೀರೆಯನ್ನು ಕೆಳಗೆ ಬಿಟ್ಟಳು, ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿಕೊಂಡಳು, ತಲೆಯ ಮೇಲೆ ಸೆರಗು ಹೊದ್ದಳು. ಅವನು ಎರಡೂ ಕೈಯಲ್ಲಿ ಬುಟ್ಟಿಯನ್ನು ನೀಡಿದ. ಅವಳು ಎರಡೂ ಕೈಯಲ್ಲಿ, ಒಳಗೆ ಯಾರೋ ಆಗಷ್ಟೇ ನಿದ್ದೆ ಹೋದಂತೆ, ಸದ್ದಾಗದ ಹಾಗೆ ತೆಗೆದುಕೊಂಡಳು.